ಗೋಡೆಯ ಕಡೆ ಮುಖ

ಜೂನ್ ೩

ಅಪ್ಪನಿಗೆ,

ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಮೂರನೇ ಮಾತಿಗೆ ಜಗಳ. ಕಳೆದ ಸಲ ಅಮ್ಮ ನಿಮ್ಮ ಕೈಯಿಂದ ಫೋನ್ ಕಿತ್ತುಕೊಂಡು, "ಇನ್ಮೇಲೆ ಏನಿದ್ರೂ ಕಾಗದ ಬರ್ಕೊಳ್ಳಿ. ಬರೆಯೋವಾಗ ಯಾರೂ ಕಿರುಚೋಕಾಗಲ್ಲ" ಎಂದಳು. ಅವಳ ಮಾತಿಗೆ ಕಟ್ಟುಬಿದ್ದು ಬರೆಯುತ್ತಿದ್ದೇನೆ.

ಮೊನ್ನೆ ಅಮ್ಮ ತಂಗಿಯ ವಾಲಿಬಾಲ್ ಪಂದ್ಯದ ವಿಡಿಯೊ ಕಳಿಸಿದ್ದಳು. ನೀವು ಅವಳಿಗೆ ಮಿಡತೆ ಎಂದು ಅಡ್ಡಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹದಿನೇಳು ವರ್ಷಕ್ಕೇ ನೆಟ್ಟಿನ ಮೇಲೆ ಅವಳ ಮೊಣಕೈ ಕಾಣುತ್ತದೆ. ಅವಳು ಚೆಂಡು ಹೊಡೆದಾಗ ಎದುರಿನ ಹುಡುಗಿಯರು ಕಣ್ಣು ಮುಚ್ಚಿಕೊಂಡರು. ಕೂತಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಆಮೇಲೆ ವಿಡಿಯೊವನ್ನು ನಿಧಾನ ಮಾಡಿ, ಅವಳು ಕೆಳಗೆ ಬರುವುದನ್ನು ನೋಡಿದೆ. ನನ್ನ ಫಿಸಿಯೊಥೆರಪಿ ಕೆಲಸದಿಂದ ಬಂದ ಚಟ ಅದು, ಎಲ್ಲರೂ ಚೆಂಡು ನೋಡುವಾಗ ನಾನು ಕಾಲು ನೋಡುತ್ತೇನೆ. ಪಾದ ನೆಲಕ್ಕೆ ತಾಗಿದ ಕೂಡಲೇ ಅವಳ ಎರಡೂ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ. ಎಡಗಡೆಯದು ಇನ್ನೂ ಹೆಚ್ಚು.

ಆ ಮಂಡಿಗಳು ನನಗೆ ಚೆನ್ನಾಗಿ ಗೊತ್ತು. ನನ್ನವೂ ಹಾಗೇ ಇದ್ದವು. ಅದೇ ಹಾಲ್‌ನಲ್ಲಿ, ಕೋಚ್ ಆದ ನಿಮ್ಮ ಸೀಟಿಗೆ ಹಾರಿ, ದೊಡ್ಡ ತಂಡದ ಆಯ್ಕೆಯ ದಿನವೇ ಎಡಮಂಡಿಯ ಒಳಗಿನ ಲಿಗಮೆಂಟ್ ಹರಿದುಕೊಂಡೆ. ಅದಾದ ಮೇಲೆ ನಾನು ಮತ್ತೆ ಹಾರಲಿಲ್ಲ. ಈಗಲೂ ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುತ್ತೇನೆ.

ಕೇಳುವುದು ಇಷ್ಟೇ. ಆಟ ಶುರುವಾಗುವ ಮೊದಲು ಕಾಲು ಗಂಟೆ ಕೊಡಿ. ಮಂಡಿಗಳ ಮೇಲೆ ರಬ್ಬರ್ ಪಟ್ಟಿ ಹಾಕಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುವುದು, ಒಂಟಿ ಕಾಲಲ್ಲಿ ನಿಂತು ನಿಧಾನವಾಗಿ ಬಗ್ಗಿ ಏಳುವುದು, ಗಿಡ್ಡ ಸ್ಟೂಲಿನಿಂದ ಧುಮುಕಿ ಸದ್ದಾಗದಂತೆ ನಿಲ್ಲುವುದು. ಎಲ್ಲವನ್ನೂ ಕನ್ನಡಿಯ ಮುಂದೆ ಮಾಡಬೇಕು, ಮಂಡಿ ಒಳಗೆ ಬಿದ್ದರೆ ಅವಳ ಕಣ್ಣಿಗೇ ಕಾಣಬೇಕು. ಸೊಂಟದ ಪಕ್ಕದ ಸ್ನಾಯು ಗಟ್ಟಿಯಾದರೆ ಮಂಡಿ ತಾನಾಗಿ ನೇರ ನಿಲ್ಲುತ್ತದೆ. ಇದನ್ನು ಮಾಡಿದವರಿಗೆ ಏಟೇ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ, ಆದರೆ ಎಷ್ಟೋ ಕಡಿಮೆಯಾಗುತ್ತದೆ. ನನಗೆ ತಪ್ಪಿದ್ದು ಅವಳಿಗಾದರೂ ಸಿಗಲಿ.

ದೊಡ್ಡವಳು

*

ಜೂನ್ ೧೪

ದೊಡ್ಡವಳಿಗೆ,

ಕಾಗದ ಬಂತು. ಉದ್ದಕ್ಕೂ 'ನೀವು' ಎಂದು ಬರೆದಿದ್ದೀಯ. ಹಾಲ್‌ನಲ್ಲಿ ನನಗೆ ನೀವು, ಮನೆ ಹೊಸಿಲು ದಾಟಿದರೆ ನೀನು. ಅದು ಚಿಕ್ಕಂದಿನಲ್ಲಿ ನೀನೇ ಮಾಡಿಕೊಂಡ ಏರ್ಪಾಡು. ಹಾಗಾದರೆ ಈ ಕಾಗದ ಅಪ್ಪನಿಗೆ ಬಂದದ್ದಲ್ಲ, ಕೋಚ್‌ಗೆ ಬಂದದ್ದು. ಕೋಚ್ ಉತ್ತರ ಕೊಡುತ್ತಾನೆ.

ಹಾಲ್ ನಮ್ಮ ಕೈಗೆ ಸಿಗುವುದು ಸಂಜೆ ಎರಡೇ ಗಂಟೆ. ಅದು ಮುಗಿಯುವ ಮುಂಚೆಯೇ ಟೇಬಲ್ ಟೆನಿಸ್‌ನವರು ಬಾಗಿಲಲ್ಲಿ ಬ್ಯಾಟ್ ಬೀಸುತ್ತಾ, "ಆಯ್ತಾ ಮೇಷ್ಟ್ರೇ?" ಎಂದು ನಿಲ್ಲುತ್ತಾರೆ. ಆ ಎರಡು ಗಂಟೆಯಲ್ಲಿ ಸರ್ವ್ ಆಗಬೇಕು, ಪಾಸ್ ಆಗಬೇಕು, ಬ್ಲಾಕ್ ಆಗಬೇಕು. ಹುಡುಗಿಯರು ನನ್ನ ಹತ್ತಿರ ಬರುವುದು ವಾಲಿಬಾಲ್ ಕಲಿಯೋಕೆ, ಏಡಿ ನಡಿಗೆ ಕಲಿಯೋಕಲ್ಲ.

ಹಾಲ್‌ನಲ್ಲಿ ಕನ್ನಡಿ ಬೇಕಂತೆ. ಚೆಂಡು ಹಾರುವ ಜಾಗದಲ್ಲಿ ಕನ್ನಡಿ ಇಡುವ ಬುದ್ಧಿವಂತ ಇನ್ನೂ ಹುಟ್ಟಿಲ್ಲ.

ನಿನ್ನ ಮಂಡಿಯ ವಿಷಯ. ಆ ದಿನ ನಿನ್ನ ಬೂಟಿನ ದಾರ ಸಡಿಲವಿತ್ತು. ನಾನು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಪಾದ ಬೂಟಿನೊಳಗೆ ಜಾರಿತು, ಮಂಡಿ ತಿರುಚಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಹೊಡೆದುಹಾಕಿ ಎಂದು ನಿನ್ನ ಅಮ್ಮ ಪಕ್ಕದಲ್ಲೇ ನಿಂತು ಹೇಳುತ್ತಿದ್ದಾಳೆ. ಹೊಡೆದುಹಾಕುವುದಿಲ್ಲ.

ಮಿಡತೆಯ ಮಂಡಿ ಕಬ್ಬಿಣ. ಅವಳಿಗೆ ಒಂದು ದಿನವೂ ನೋವು ಬಂದಿಲ್ಲ.

ಅಪ್ಪ

*

ಜೂನ್ ೨೫

ಕೋಚ್ ಸಾಹೇಬರಿಗೆ,

ದಾರದ ಕಥೆಯನ್ನು ಒಂಬತ್ತು ವರ್ಷದಿಂದ ಕೇಳುತ್ತಿದ್ದೇನೆ. ನೆಂಟರಿಗೂ ಅದನ್ನೇ ಹೇಳಿದ್ದೀರಿ, ನನ್ನ ಗೆಳತಿಯರಿಗೂ ಅದನ್ನೇ ಹೇಳಿದ್ದೀರಿ. ಆಸ್ಪತ್ರೆಯಲ್ಲಿ ಬೂಟು ಕಳಚಲು ಬಾರದೆ ನರ್ಸಮ್ಮ ದಾರವನ್ನು ಕತ್ತರಿಯಲ್ಲಿ ಕತ್ತರಿಸಿದರು. ಅಷ್ಟು ಬಿಗಿಯಾಗಿ ಕಟ್ಟಿಕೊಂಡಿದ್ದೆ, ಏಕೆಂದರೆ ಕಟ್ಟು ಎಂದು ಹೇಳಿಕೊಟ್ಟವರು ನೀವು. ನೀವು ಆಗ ಹೊರಗೆ ಕಾರಿಡಾರಿನಲ್ಲಿ ಆಯ್ಕೆದಾರರ ಜೊತೆ ಮಾತಾಡುತ್ತಿದ್ದಿರಿ.

ಆ ವರ್ಷ ನಮ್ಮ ಕಾಲೇಜಿನ ವ್ಯಾಯಾಮದ ಟೀಚರ್ ಹಾಲ್‌ಗೆ ಬಂದು ಇದೇ ಮಾತು ಹೇಳಿದ್ದರು. ನೆನಪಿದೆಯೇ? "ಸರ್, ಇವಳು ಇಳಿಯೋ ರೀತಿ ಸರಿ ಇಲ್ಲ, ಸ್ವಲ್ಪ ದಿನ ತಿದ್ದಿದ್ರೆ ಸರಿಹೋಗುತ್ತೆ" ಎಂದರು. ನೀವು ಸೀಟಿಯನ್ನು ಬೆರಳಿಗೆ ಸುತ್ತುತ್ತಾ, "ಮುದುಕೀರ ಕಸರತ್ತು ನಮಗ್ಯಾಕೆ ಟೀಚರ್?" ಎಂದಿರಿ. ಇಡೀ ಹಾಲ್ ನಕ್ಕಿತು. ಅವರು ಮತ್ತೆ ಬರಲಿಲ್ಲ.

ನೋವಿಲ್ಲ ಎಂದು ಬರೆದಿದ್ದೀರಿ. ನನಗೂ ಹಿಂದಿನ ದಿನದವರೆಗೆ ನೋವಿರಲಿಲ್ಲ. ನೋವು ಬಂದ ಮೇಲೆ ಮಾಡುವುದು ರಿಪೇರಿ. ನಾನು ಹೇಳುತ್ತಿರುವುದು ಅದಕ್ಕಿಂತ ಮುಂಚೆ ಮಾಡಬೇಕಾದದ್ದು.

ನನ್ನ ಕೆಲಸದ ಕೋಣೆಯನ್ನು ನೀವು ನೋಡಿಲ್ಲ. ಒಂದು ಗೋಡೆಗೆ ಕನ್ನಡಿ, ಇನ್ನೊಂದು ಗೋಡೆಗೆ ಮೊಳೆ ಹೊಡೆದು ಬಣ್ಣಬಣ್ಣದ ಪಟ್ಟಿಗಳು, ಕಿಟಕಿಯಾಚೆ ಬಸ್ ಡಿಪೊ. ಡಿಪೊದ ಡ್ರೈವರುಗಳು ಪಾಳಿ ಮುಗಿಸಿ ಬರುತ್ತಾರೆ. ಒಬ್ಬರಿಗೆ ನಿವೃತ್ತಿ ಹತ್ತಿರ, ಹೊಟ್ಟೆ ದೊಡ್ಡದು, "ಒಂಟಿ ಕಾಲಲ್ಲಿ ನಿಲ್ಲಿಸಿ ನನ್ನನ್ನ ಕೊಕ್ಕರೆ ಮಾಡ್ಬಿಟ್ಯಲ್ಲಮ್ಮ" ಎಂದು ಗೊಣಗುತ್ತಾರೆ. ಗೊಣಗುತ್ತಲೇ ಮಾಡುತ್ತಾರೆ. ಮೊದಲು ಗಾಡಿಯಿಂದ ಇಳಿಯುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದವರು ಈಗ ಸಲೀಸಾಗಿ ಇಳಿಯುತ್ತಾರೆ. ಊರಿನವರೆಲ್ಲ ನನ್ನ ಮಾತು ಕೇಳುತ್ತಾರೆ. ಹಿತ್ತಲ ಗಿಡ ಮದ್ದಲ್ಲ, ಮನೆಯಲ್ಲಿ ಮಾತ್ರ ಕೇಳುವವರಿಲ್ಲ.

ಪಟ್ಟಿಗಳನ್ನು ಪಾರ್ಸೆಲ್ ಮಾಡಿದ್ದೇನೆ. ಯಾವ ವ್ಯಾಯಾಮ ಹೇಗೆ ಎಂದು ಚಿತ್ರ ಬರೆದು ಇಟ್ಟಿದ್ದೇನೆ. ಬೇಡವಾದರೆ ಅಮ್ಮನಿಗೆ ಕೊಡಿ, ಡಬ್ಬಿಗಳಿಗೆ ಹಾಕಿಕೊಳ್ಳುತ್ತಾಳೆ.

ದೊಡ್ಡವಳು

*

ಜುಲೈ ೨೦

ದೊಡ್ಡವಳಿಗೆ,

ಪಾರ್ಸೆಲ್ ಬಂತು. ಒಂದು ವಾರ ಬೀರುವಿನ ಮೇಲೆ ಇಟ್ಟಿದ್ದೆ. ನಿನ್ನ ಅಮ್ಮ ಅದನ್ನು ತೆಗೆದು ನನ್ನ ಹಾಲ್ ಚೀಲಕ್ಕೆ ತುರುಕಿ, "ಇದು ವಾಪಸ್ ಬಂದ್ರೆ ನೀವು ವಾಪಸ್ ಬರ್ಬೇಡಿ" ಎಂದಳು. ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ.

ಹಾಗಾಗಿ ಶುರು ಮಾಡಿದ್ದೇನೆ. ಹಾಲ್‌ನ ಮೂಲೆಯಲ್ಲಿ, ಹಳೆಯ ಜಿಮ್ ಚಾಪೆಗಳಿದ್ದ ಜಾಗ ಖಾಲಿ ಮಾಡಿಸಿ, ನಿನ್ನ ಚಿತ್ರಗಳನ್ನು ಗೋಡೆಗೆ ಅಂಟಿಸಿದ್ದೇನೆ. ಕನ್ನಡಿ ಇಲ್ಲ, ಗೋಡೆಗೆ ಮುಖ ಮಾಡಿ ಚಿತ್ರ ನೋಡಿಕೊಂಡು ಮಾಡುತ್ತಾರೆ. ಚಿತ್ರದ ಹೆಂಗಸಿಗೆ ಮೂಗಿಲ್ಲ ಎಂದು ಹುಡುಗಿಯರು ನಗುತ್ತಾರೆ. ನೀನು ಮೊದಲಿನಿಂದಲೂ ಮೂಗು ಬರೆಯುವುದನ್ನು ಮರೆಯುತ್ತಿದ್ದೆ.

ಮೂಲೆ ಒಂದು ದಿನವೂ ಖಾಲಿ ಇರುವುದಿಲ್ಲ. ಆಟದ ಹೊತ್ತನ್ನೂ ಕೆಡಿಸದ ಹಾಗೆ ಒಂದು ವ್ಯವಸ್ಥೆ ಮಾಡಿದ್ದೇನೆ. ಕೋಚ್‌ಗೂ ಸ್ವಲ್ಪ ಬುದ್ಧಿ ಇರುತ್ತದೆ.

ಅಪ್ಪ

*

ಆಗಸ್ಟ್ ೨

ಅಪ್ಪಾ,

ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿದೆ. ನನ್ನ ಸ್ಟಾಪ್ ದಾಟಿಹೋಯಿತು, ಡಿಪೊವರೆಗೂ ಹೋಗಿ ನಡೆದು ಬಂದೆ. ಮಂಡಿ ನೋಯಲಿಲ್ಲ.

ಇಷ್ಟು ವರ್ಷ ನಿನ್ನ ಮೇಲೆ ಹಲ್ಲು ಕಡಿದು ಕಡಿದು ನನಗೇ ಸಾಕಾಗಿತ್ತು. ನೀನು ಮಾಡಲಿಕ್ಕಿಲ್ಲ ಎಂದೇ ಅಂದುಕೊಂಡಿದ್ದೆ. ಮಾಡಿದೆ. ಬೇರೇನೂ ಬೇಡ ನನಗೆ, ನನ್ನ ಮಂಡಿಯ ಸಾಲ ಅಲ್ಲಿಗೆ ತೀರಿತು ಎಂದುಕೊಳ್ಳುತ್ತೇನೆ. ದಾರದ ವಿಷಯವನ್ನೂ ಇನ್ನು ಎತ್ತುವುದಿಲ್ಲ.

ಮಿಡತೆಗೆ ಬೇಜಾರಾಗಬಹುದು. ಚೆಂಡು ಮುಟ್ಟದ ಕೆಲಸ ಅವಳಿಗೆ ಆಗುವುದಿಲ್ಲ. ಸ್ವಲ್ಪ ಪುಸಲಾಯಿಸು. ಮುಂದಿನ ಕಾಗದದಲ್ಲಿ ಅವಳು ಹೇಗೆ ಇಳಿಯುತ್ತಾಳೆ ಬರಿ. ಈ ಸಲ ಚಿತ್ರಕ್ಕೆ ಮೂಗು ಬರೆದು ಕಳಿಸಿದ್ದೇನೆ, ಅಂಟಿಸು.

ನಿನ್ನ ದೊಡ್ಡವಳು

*

ಸೆಪ್ಟೆಂಬರ್ ೧೦

ದೊಡ್ಡವಳಿಗೆ,

ನೀನು 'ನೀನು' ಎಂದು ಬರೆದ ಕಾಗದವನ್ನು ಅಮ್ಮ ಎರಡು ಸಲ ಓದಿಸಿದಳು.

ಒಂದು ತಮಾಷೆ ಹೇಳುತ್ತೇನೆ. ನಮ್ಮಲ್ಲಿ ದಪ್ಪ ಕನ್ನಡಕದ ಹುಡುಗಿ ಒಬ್ಬಳಿದ್ದಾಳೆ, ಎಲ್ಲರೂ ಸೋಡಾಬುಡ್ಡಿ ಎನ್ನುತ್ತಾರೆ. ಸರ್ವ್ ಹೊಡೆದರೆ ಚೆಂಡು ನೆಟ್ಟಿಗೆ, ಇಲ್ಲವೇ ಛಾವಣಿಗೆ. ಇವಳನ್ನು ಯಾಕೆ ಇಟ್ಟುಕೊಂಡಿದ್ದೀನಪ್ಪಾ ಎಂದು ನನಗೇ ಅನಿಸುತ್ತಿತ್ತು. ಈಗ ಬಂದು ನೋಡು. ಹಾರಿ ಕೆಳಗೆ ಬಂದರೆ ಬೆಕ್ಕು, ಸದ್ದೇ ಇಲ್ಲ. ಕಾಲು ನೆಲಕ್ಕೆ ನೆಟ್ಟ ಹಾಗೆ ನಿಲ್ಲುತ್ತದೆ, ಹಾಗಾಗಿ ಮುಂದಿನ ಚೆಂಡಿಗೆ ಎಲ್ಲರಿಗಿಂತ ಮೊದಲು ತಯಾರು. ದೊಡ್ಡ ತಂಡದ ಆಯ್ಕೆಗೆ ಅವಳ ಹೆಸರನ್ನೂ ಕೊಟ್ಟಿದ್ದೇನೆ. ಇದು ನಿನ್ನ ಕಸರತ್ತಿನದೇ ಮಹಿಮೆ, ಒಪ್ಪಿಕೊಂಡೆ. ಮೂಲೆಯಲ್ಲಿ ಅವಳಷ್ಟು ಹೊತ್ತು ಕಳೆದವರು ಯಾರೂ ಇಲ್ಲ.

ನನ್ನ ಪದ್ಧತಿ ನಿನಗೆ ಗೊತ್ತಲ್ಲ. ತಪ್ಪು ಮಾಡಿದವರು ಕೋರ್ಟಿನಿಂದ ಹೊರಗೆ. ಮೊದಲು ಹಾಗೆ ಹೊರಗೆ ನಿಂತವರು ಹರಟೆ ಹೊಡೆಯುತ್ತಿದ್ದರು. ಈಗ ಸೀಟಿ ಊದಿದರೆ ನೇರ ಮೂಲೆಗೆ, ಗೋಡೆಗೆ ಮುಖ, ಕಾಲು ಗಂಟೆ ನಿನ್ನ ಕಸರತ್ತು. ಆಡುವವರ ಆಟವೂ ಕೆಡಲಿಲ್ಲ, ನಿನ್ನ ಮಾತೂ ನಡೆಯಿತು. ಒಂದೇ ಕಲ್ಲಿಗೆ ಎರಡು ಹಕ್ಕಿ. ಇನ್ನೊಂದು ಲಾಭ, ಮೂಲೆಗೆ ಹೋಗುವ ನಾಚಿಕೆಗೆ ಹೆದರಿ ಎಲ್ಲರೂ ಜಾಗ್ರತೆಯಿಂದ ಆಡುತ್ತಾರೆ. "ಮೂಲೆ, ಮೂಲೆ" ಎಂದು ಒಬ್ಬರನ್ನೊಬ್ಬರು ರೇಗಿಸುತ್ತಾರೆ.

ಮಿಡತೆಯ ವಿಷಯ ಕೇಳಿದ್ದೆಯಲ್ಲ. ಹೆಮ್ಮೆಯಿಂದ ಹೇಳುತ್ತೇನೆ, ಅವಳು ಒಂದು ದಿನವೂ ಮೂಲೆ ಕಂಡಿಲ್ಲ.

ಆಯ್ಕೆ ಈ ತಿಂಗಳು ಇಪ್ಪತ್ತೆಂಟಕ್ಕೆ.

ಅಪ್ಪ

*

ಸೆಪ್ಟೆಂಬರ್ ೧೫

ಅಪ್ಪಾ,

ಕಾಗದ ಓದಿದ ಕೂಡಲೇ ಫೋನ್ ಮಾಡಿದೆ. ನೀನು "ಆಯ್ಕೆ ಮುಗೀಲಿ, ಆಮೇಲೆ ನೋಡೋಣ" ಎಂದು ಫೋನನ್ನು ಮಿಡತೆಯ ಕೈಗೆ ಕೊಟ್ಟೆ. ನೀನೂ ಆ ಕಸರತ್ತು ಮಾಡು ಎಂದು ನಾನು ಅವಳಿಗೆ ಹೇಳಿದೆ. ಅವಳು ನಕ್ಕುಬಿಟ್ಟಳು. "ನಾನ್ಯಾಕಕ್ಕಾ ಮೂಲೆಗೆ ಹೋಗ್ಲಿ? ನಾನೇನು ತಪ್ಪು ಮಾಡ್ದೆ?" ಎಂದಳು. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಅಪ್ಪಾ, ಅದು ಅವಳಿಗಾಗಿ ಕಳಿಸಿದ್ದು. ಎಲ್ಲರಿಗಿಂತ ಎತ್ತರ ಹಾರುವವಳು ಅವಳು, ಎಲ್ಲರಿಗಿಂತ ಜೋರಾಗಿ ನೆಲಕ್ಕೆ ಬರುವವಳೂ ಅವಳೇ. ನೀನು ಅದನ್ನು ಚೆನ್ನಾಗಿ ಆಡದವರಿಗೆ ದಂಡ ಮಾಡಿದೆ. ಈಗ ಅವಳಿಗೆ ಆ ಮೂಲೆ ಎಂದರೆ ಅವಮಾನ.

ಎರಡು ವಾರದಲ್ಲಿ ಸ್ನಾಯು ಬಲಿಯುವುದಿಲ್ಲ, ಸುಳ್ಳು ಹೇಳಲಾರೆ. ಈ ಸಲದ ಆಯ್ಕೆ ಬಿಡಿಸು. ಹದಿನೇಳು ವರ್ಷ ಅವಳಿಗೆ, ಮುಂದಿನ ವರ್ಷವೂ ಆಯ್ಕೆ ಇರುತ್ತದೆ. ಕಾಲು ಹಿಡಿದು ಕೇಳುತ್ತೇನೆ. ನನ್ನ ವಿಡಿಯೊ ಯಾರ ಹತ್ತಿರವೂ ಇಲ್ಲ, ಇದ್ದಿದ್ದರೆ ಅವಳದರ ಪಕ್ಕ ಇಟ್ಟು ತೋರಿಸುತ್ತಿದ್ದೆ.

ನಿನ್ನ ದೊಡ್ಡವಳು

*

ಅಕ್ಟೋಬರ್ ೨೧

ಅಕ್ಕಾ,

ಅಮ್ಮ ನಿನಗೆ ಎಲ್ಲಾ ಹೇಳಿದ್ದಾಳೆ ಅಂತ ಗೊತ್ತು. ನೀನು ಆಪರೇಷನ್ ದಿನ ಬಂದು ಹೋಗಿದ್ದೂ ಗೊತ್ತು, ಆದರೆ ನನಗೆ ಮಂಪರಿತ್ತು, ನಿನ್ನ ಕೈ ಮಾತ್ರ ನೆನಪಿದೆ. ಅಪ್ಪನ ಜೊತೆ ಒಂದು ಮಾತೂ ಆಡದೆ ಹೋದೆಯಂತೆ. ಈಗ ಹಾಸಿಗೆಯಲ್ಲಿ ಮಾಡಲು ಬೇರೆ ಕೆಲಸ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನನ್ನು ಯಾರೂ ತಳ್ಳಲಿಲ್ಲ ಅಕ್ಕ. ಯಾರೂ ಮುಟ್ಟಲೂ ಇಲ್ಲ. ಚೆಂಡು ಚೆನ್ನಾಗಿ ಬಂತು, ಚೆನ್ನಾಗಿ ಹಾರಿದೆ, ಚೆನ್ನಾಗಿ ಹೊಡೆದೆ. ಪಾಯಿಂಟೂ ಬಂತು. ಕೆಳಗೆ ಬಂದೆ ಅಷ್ಟೇ. ಮಂಡಿಯೊಳಗೆ ಏನೋ ಪಟ್ ಅಂತು. ಆಯ್ಕೆದಾರರಿಗೂ ಕೇಳಿಸಿತಂತೆ.

ಅಪ್ಪ ಓಡಿ ಬಂದರು. ಬಂದವರೇ ಮೊದಲು ಹಿಡಿದುಕೊಂಡಿದ್ದು ನನ್ನ ಬೂಟು. ದಾರ ಎಳೆದು ನೋಡಿದರು. ಗಟ್ಟಿಯಾಗಿತ್ತು. ಇನ್ನೊಂದು ಸಲ ಎಳೆದು ನೋಡಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು, ನನ್ನ ಮುಖ ನೋಡಲಿಲ್ಲ. ಯಾಕೆ ಹಾಗೆ ಮಾಡಿದರು ಅಂತ ನನಗೆ ಅರ್ಥ ಆಗಲಿಲ್ಲ. ನಿನಗೆ ಗೊತ್ತಾ?

ಸೋಡಾಬುಡ್ಡಿ ಆಯ್ಕೆ ಆದಳು. ನನ್ನನ್ನು ನೋಡೋಕೆ ಬಂದು ನನಗಿಂತ ಜಾಸ್ತಿ ಅತ್ತಳು, ಕನ್ನಡಕ ಒರೆಸಿ ಒರೆಸಿ ನನ್ನ ಹೊದಿಕೆ ಒದ್ದೆಯಾಯಿತು. "ನಾನು ಎಷ್ಟು ತಪ್ಪು ಮಾಡ್ತಿದ್ದೆ ಕಣೆ, ನೀನು ಒಂದೂ ಮಾಡಲಿಲ್ವಲ್ಲ" ಅಂದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಅವಳ ಮೇಲೆ ಯಾಕೆ ಬರಬೇಕು ಹೇಳು, ಪಾಪ. ಆದರೂ ಬಂತು.

ನಾನು ಮತ್ತೆ ಹಾರ್ತೀನಾ ಅಕ್ಕ? ಡಾಕ್ಟರ್ ನಗುತ್ತಾರೆ, ಅಮ್ಮ ಅಡುಗೆಮನೆಗೆ ಹೋಗುತ್ತಾಳೆ. ನೀನು ಸುಳ್ಳು ಹೇಳಲ್ಲ.

ಮಿಡತೆ

*

ನವೆಂಬರ್ ೪

ಕೋಚ್ ಸಾಹೇಬರಿಗೆ,

ನಿಮ್ಮಿಂದ ಒಂದು ಸಾಲೂ ಬಂದಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು. "ಹಣೆಬರಹ" ಎಂದು ಬರೆದಿದ್ದರೆ ಹರಿದು ನಿಮಗೇ ವಾಪಸ್ ಕಳಿಸುತ್ತಿದ್ದೆ. ಹಣೆಯಲ್ಲಿ ಏನೂ ಬರೆದಿರಲಿಲ್ಲ. ಜೂನ್‌ನಲ್ಲಿ ನಾನು ಬರೆದಿದ್ದೆ.

ದಾರ ಗಟ್ಟಿಯಾಗಿತ್ತಂತೆ. ನನ್ನದೂ ಗಟ್ಟಿಯಾಗಿತ್ತು. ಈಗ ಎರಡೂ ಗೊತ್ತಾಯಿತು ನಿಮಗೆ.

ನೀವು ನನ್ನ ಮಾತು ಕೇಳಲೇ ಇಲ್ಲ ಎಂದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಕೇಳಿದಿರಿ. ಹಾಲ್‌ನಲ್ಲಿದ್ದ ಎಲ್ಲ ಹುಡುಗಿಯರ ಮಂಡಿಯನ್ನೂ ನನ್ನ ಪಟ್ಟಿಗಳಿಂದಲೇ ಗಟ್ಟಿ ಮಾಡಿದಿರಿ, ನನ್ನ ತಂಗಿಯದೊಂದು ಬಿಟ್ಟು. ನಾನೂ ನಿಮ್ಮ ಜುಲೈ ಕಾಗದ ಓದಿ ಬಸ್ಸಿನಲ್ಲಿ ಹಲ್ಲುಕಿರಿದೆನೇ ಹೊರತು, ಮೂಲೆಯಲ್ಲಿ ನಿಲ್ಲುವವರು ಯಾರು ಎಂದು ಕೇಳಲಿಲ್ಲ. ನಿಮ್ಮ ಮಗಳೇ ತಾನೇ ನಾನು, ನನ್ನ ಮಾತು ನಡೆದರೆ ಕಣ್ಣು ಮುಚ್ಚುತ್ತದೆ.

ಮತ್ತೆ ಹಾರುತ್ತೀನಾ ಎಂದು ಅವಳು ಕೇಳಿದ್ದಾಳೆ. ಹಾರಬಹುದು, ಎಷ್ಟೋ ಜನ ಹಾರಿದ್ದಾರೆ, ಆದರೆ ದಾರಿ ಉದ್ದ ಎಂದು ಅವಳಿಗೆ ಬರೆದಿದ್ದೇನೆ. ಆ ದಾರಿ ಯಾವುದು ಗೊತ್ತಲ್ಲ? ಅದೇ ಪಟ್ಟಿ, ಅದೇ ಏಡಿ ನಡಿಗೆ, ಅದೇ ಒಂಟಿ ಕಾಲು. ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದದ್ದನ್ನು ಈಗ ದಿನಾ ಎರಡು ಹೊತ್ತು, ತಿಂಗಳುಗಟ್ಟಲೆ ಮಾಡಬೇಕು. ಅಲ್ಲಿನ ಆಸ್ಪತ್ರೆಯವರು ಹೇಳಿಕೊಟ್ಟರೂ ಅವಳು ಮಾಡುತ್ತಿಲ್ಲವಂತೆ, ಪಟ್ಟಿ ಕಂಡರೆ ಹೊದಿಕೆ ಎಳೆದುಕೊಳ್ಳುತ್ತಾಳಂತೆ. ಅಮ್ಮ ಹೇಳಿದಳು. ಮಾಡದಿದ್ದರೆ ಹಾರುವುದಿರಲಿ, ನನ್ನ ಹಾಗೆ ಕಂಬಿ ಹಿಡಿದು ಇಳಿಯಬೇಕಾಗುತ್ತದೆ.

ನಾನು ಬಂದು ಹೇಳಿದರೆ ಪ್ರಯೋಜನ ಇಲ್ಲ. ಅದನ್ನು ಶಿಕ್ಷೆ ಮಾಡಿದವರು ನೀವು. ಅಲ್ಲ ಎಂದು ನೀವೇ ಹೇಳಬೇಕು. ಅವಳ ಜೊತೆ ನಿಲ್ಲಿ. ಕನ್ನಡಿಯ ಮುಂದೆ ನಿಲ್ಲಿಸಿ. ಅಷ್ಟು ಮಾಡಿದ ಮೇಲೆ ಬರೆಯಿರಿ. ಅಲ್ಲಿಯವರೆಗೆ ಬರೆಯಬೇಡಿ.

ದೊಡ್ಡವಳು

*

ಡಿಸೆಂಬರ್ ೧೯

ದೊಡ್ಡವಳಿಗೆ,

ನೀನು ಹೇಳಿದ್ದು ಮಾಡಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಹಾಲ್‌ನಲ್ಲಿ ಹೇಳಿದೆ. ಇನ್ನು ಮೇಲೆ ಆಟಕ್ಕೆ ಮುಂಚೆ ಎಲ್ಲರೂ ಮೂಲೆಯ ಕಸರತ್ತು ಮಾಡಬೇಕು ಎಂದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಕೈ ಎತ್ತಿ, "ಸರ್, ಎಲ್ರೂ ಏನ್ ತಪ್ಪು ಮಾಡಿದ್ವಿ?" ಎಂದು ಕೇಳಿದಳು. ನಾನು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಟೇಬಲ್ ಟೆನಿಸ್‌ನವನು, "ಏನ್ ಮೇಷ್ಟ್ರೇ, ಹುಷಾರಿಲ್ವಾ?" ಎಂದ.

ಮೂಲೆಯ ಚಿತ್ರಗಳನ್ನು ಕಿತ್ತು ಮನೆಗೆ ತಂದೆ. ಅಮ್ಮನ ಬೀರುವಿನ ದೊಡ್ಡ ಕನ್ನಡಿ ಇದೆಯಲ್ಲ, ಬೀರುವನ್ನೇ ಜರುಗಿಸಿ ಮಿಡತೆಯ ಕೋಣೆಗೆ ತಂದು ಇಟ್ಟೆವು. ಅವಳು ಊರುಗೋಲು ಬಿಟ್ಟು ಕೆಲವು ದಿನ ಆಯಿತು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆ, ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಇವತ್ತು ಒಳಗೆ ಹೋಗಿ ನಾನೇ ಪಟ್ಟಿ ಹಾಕಿಕೊಂಡು ನಡೆದು ತೋರಿಸಿದೆ. ನನ್ನ ಮಂಡಿಯೂ ಒಳಗೆ ಬೀಳುತ್ತದೆ. ಇಷ್ಟು ವರ್ಷ ಯಾರೂ ನೋಡಿರಲಿಲ್ಲ, ನಾನೂ ನೋಡಿಕೊಂಡಿರಲಿಲ್ಲ. ನಿಮ್ಮಿಬ್ಬರಿಗೂ ಬಂದದ್ದು ಎಲ್ಲಿಂದ ಎಂದು ತಿಳಿಯಿತು.

"ಇದು ಶಿಕ್ಷೆ ಅಲ್ಲ ಕಣಮ್ಮ. ನೀನು ಏನೂ ತಪ್ಪು ಮಾಡಿಲ್ಲ. ತಪ್ಪು ನಂದು" ಎಂದೆ.

"ಸರಿ ಅಪ್ಪ" ಎಂದಳು. ಹಾಸಿಗೆಯಿಂದ ಇಳಿದು, ಸಿಟ್ಟಿಲ್ಲದೆ, ಪಟ್ಟಿ ಇಸಿದುಕೊಂಡು ಹಾಕಿಕೊಂಡಳು. ಸಮಾಧಾನವಾಯಿತು ನನಗೆ. ನಿನಗೆ ಏನು ಬರೆಯಬೇಕು ಎಂದು ಆಗಲೇ ಯೋಚಿಸತೊಡಗಿದ್ದೆ.

ಅಷ್ಟರಲ್ಲಿ ಅವಳು ಕನ್ನಡಿಗೆ ಬೆನ್ನು ಹಾಕಿ, ಮೂಲೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ನಿಂತಳು.

"ಈ ಕಡೆ ತಿರುಗಮ್ಮ, ಕನ್ನಡಿ ಇಲ್ಲಿದೆ" ಎಂದೆ.

"ಬೇಡ ಸರ್, ಎಲ್ರೂ ನೋಡ್ತಾರೆ" ಎಂದಳು.

ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

ಅಪ್ಪ